ಟಿಕೆಟ್ಟಿನ ಮುಯ್ಯಿ

ಶ್ರಾವಣದಲ್ಲಿ ಕಾಲುವೆಗೆ ನೀರು ಬಿಟ್ಟು ಸಾಲಗುಂದದ ಗದ್ದೆಗಳೆಲ್ಲ ಕೆಸರಾಗಿದ್ದವು. ಹೊತ್ತು ಮಾರುದ್ದ ಏರಿತ್ತು. ಆದಮ್ಮನ ಗದ್ದೆಯಲ್ಲಿ ಹೆಂಗಸರು ಸೀರೆ ಎತ್ತಿ ಕಟ್ಟಿ, ಸಾಲಾಗಿ ಬಗ್ಗಿ, ಹಿಂದೆ ಹಿಂದೆ ಸರಿಯುತ್ತ ನಾಟಿ ಮಾಡುತ್ತಿದ್ದರು. ಇದು ಕೂಲಿಯಲ್ಲ, ಮುಯ್ಯಿ. ಹೋದ ವಾರ ಆದಮ್ಮ ರೂಪಾಳ ಗದ್ದೆಯಲ್ಲಿ ಬಗ್ಗಿದ್ದಳು. ಇವತ್ತು ರೂಪಾ ಆದಮ್ಮನ ಗದ್ದೆಯಲ್ಲಿ. ತುಂಡು ನೆಲದವರ ನಾಟಿ ಸಾಗುವುದೇ ಹೀಗೆ. ನಿನ್ನೆ ಕಿತ್ತ ಸಸಿಯ ಕಟ್ಟುಗಳು ಬದುವಿನ ಮೇಲಿದ್ದವು. ಇವತ್ತು ಕೆಸರು ಕಾಣದಿದ್ದರೆ ಅವು ಬಾಡುತ್ತವೆ, ಅವುಗಳ ಜೊತೆ ಆದಮ್ಮನ ವರ್ಷದ ಅನ್ನವೂ.

ಜಂಬಮ್ಮ ಬಂದು ಬದುವಿನ ಮೇಲೆ ನಿಂತಾಗ ರೂಪಾಳಿಗೆ ಬೇಸಿಗೆಯ ಬಾಕಿ ನೆನಪಾಯಿತು. ದೊಡ್ಡ ಹೊಲಮನೆಯ ಒಡತಿ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಫೋನು. ಆ ಫೋನಿನಲ್ಲೇ ಇತ್ತು ಎಲ್ಲದರ ಮೂಲ. ಸಂಜೆಯ ಧಾರಾವಾಹಿಯ ಹೆಸರಿನಲ್ಲೇ ಒಂದು ಬಿಂಗೋ ಆಟ ಬಂದಿತ್ತು. ಧಾರಾವಾಹಿಯ ಘಟವಾಣಿ ಅತ್ತೆಯೇ ಬಳೆ ಕುಣಿಸುತ್ತ ಅಂಕಿ ಕೂಗುತ್ತಾಳೆ. ಯಾರದಾದರೂ ಟಿಕೆಟ್ಟಿನ ಸಾಲು ತುಂಬಿದರೆ ಬಾಯಿಗೆ ಸೆರಗು ಹಿಡಿದು ಅಳುತ್ತಾಳೆ. ಬೇಸಿಗೆಯುದ್ದಕ್ಕೂ ಹೆಂಗಸರು ಜಂಬಮ್ಮನ ಪಡಸಾಲೆಯಲ್ಲಿ ಕೂತು ಆಡಿದ್ದು ಗೆಲ್ಲುವ ಆಸೆಗಿಂತ ಆ ಅಳು ನೋಡುವ ಆಸೆಗೆ. ಟಿಕೆಟ್ಟಿಗೆ ರೊಕ್ಕ ಎಲ್ಲಿಂದ ಬರಬೇಕು? "ನಾ ತಗಸ್ತೀನಿ. ಒಂದು ಟಿಕೆಟ್ಟಿಗೆ ಒಂದು ಆಳು, ಅಂದ್ರ ನನ್ನ ಗದ್ದ್ಯಾಗ ಒಂದು ದಿನದ ಕೆಲಸ. ಮುಯ್ಯಿ ಅಂತ ತಿಳ್ಕೊಳ್ರಿ" ಎಂದಿದ್ದಳು ಜಂಬಮ್ಮ. ಮುಯ್ಯಿ ಎಂದ ಮೇಲೆ ಭಯವೇನು? ಎಲ್ಲರೂ ನಕ್ಕು ಹೂಂ ಅಂದಿದ್ದರು.

"ಏ ರೂಪಾ, ಎಲ್ಲಾರೂ ಮ್ಯಾಲ ಬರ್ರಿ. ಇವತ್ತ ನನ್ನ ಗದ್ದಿ ನಾಟಿ. ಟಿಕೆಟ್ಟಿನ ಆಳು ಬಾಕಿ ಅದಾವು."

ಸಾಲು ನಿಂತಿತು. ಆದಮ್ಮ ಕೈಯಲ್ಲಿದ್ದ ಸಸಿಯನ್ನು ಎದೆಗೊತ್ತಿಕೊಂಡು ರೂಪಾಳ ಮುಖ ನೋಡಿದಳು.

"ನಾಳೆ ಬರ್ತೀವ್ರಿ ಅವ್ವಾರ," ಪಕ್ಕದ ಭುವನೇಶ್ವರಿ ಮೆಲ್ಲಗೆ ಅಂದಳು.

"ನಾಳೆ ನೀರು ನಿಮ್ಮಪ್ಪ ಬಿಡ್ತಾನೇನು? ಆಡೂಮುಂದ ಹಲ್ಲು ಕಿಸದ್ರಿ. ಈಗ ಮಾತು ತಪ್ಪಿದ್ರ ಊರಾಗ ನಿಮ್ಮ ಮುಯ್ಯಿಗೆ ಯಾರ ಬರ್ತಾರ?"

ಅದು ಸುಳ್ಳಲ್ಲ. ಮಾತು ತಪ್ಪಿದವಳ ಗದ್ದೆಗೆ ಯಾರೂ ಇಳಿಯುವುದಿಲ್ಲ. ರೂಪಾ ಒಂದು ಕಾಲನ್ನು ಕೆಸರಿನಿಂದ ಕಿತ್ತೂ ಬಿಟ್ಟಳು. ಆಗ ಜಂಬಮ್ಮನ ಪಾದಗಳು ಕಣ್ಣಿಗೆ ಬಿದ್ದವು. ಚಪ್ಪಲಿಯ ಮೇಲೆ ಒಂದು ಹನಿ ರಾಡಿಯಿಲ್ಲ.

"ಅವ್ವಾರ, ನೀವು ಮುಯ್ಯಿ ಅಂದಿದ್ರಿ, ಹೌದಲ್ರಿ?"

"ಹೌದು, ಅಂದೀನಿ."

"ಹಂಗಾರ ನನ್ನ ಗದ್ದಿಗೆ ಯಾವಾಗ ಬರ್ತೀರಿ?"

"ಏನಂದಿ?"

"ಮುಯ್ಯಿ ಅಂದ್ರ ನಿಮ್ಮ ಗದ್ದ್ಯಾಗ ನಾ ಬಗ್ಗಬೇಕು, ನನ್ನ ಗದ್ದ್ಯಾಗ ನೀವು ಬಗ್ಗಬೇಕು. ಆದಮ್ಮಕ್ಕ ಬಗ್ಗ್ಯಾಳ, ಅದಕ್ಕ ಬಂದೀನಿ. ಟಿಕೆಟ್ಟಿನ ರೊಕ್ಕ ಬೇಕಂದ್ರ ಸುಗ್ಗ್ಯಾಗ ತಂದು ಕೊಡ್ತೀನಿ. ಆಳು ಬೇಕಂದ್ರ ಮೊದಲ ಕೆಸರಿಗೆ ಇಳೀರಿ. ಬರ್ರಿ, ನನ್ನ ಬಾಜೂಕ ಜಾಗ ಐತಿ."

"ಸೀರಿ ಹೆಂಗ ಎತ್ತಿ ಕಟ್ಟೋದು ನಾ ಕಲಸ್ತೀನ್ರಿ," ಎಂದಳು ಭುವನೇಶ್ವರಿ. ಸಾಲಿನುದ್ದಕ್ಕೂ ನಗೆ ಹರಿಯಿತು.

ಬೆಳಗಿನ ಆಟದ ಹೊತ್ತಾಗಿತ್ತೇನೋ, ಜಂಬಮ್ಮನ ಕೈಯ ಫೋನಿನಲ್ಲಿ ಅತ್ತೆ ಬಳೆ ಕುಣಿಸಿದಳು. "ಬನ್ನಿ, ಬನ್ನಿ, ಆಟ ಶುರು!"

"ನಿಮ್ಮತ್ತಿ ಕರಿಯಾಕತ್ಯಾಳ್ರಿ ಅವ್ವಾರ, ಲಗೂನ ಹೋಗ್ರಿ," ಎಂದಳು ರೂಪಾ. ಕಿತ್ತ ಕಾಲನ್ನು ಮತ್ತೆ ಕೆಸರಿಗಿಟ್ಟು ಬಗ್ಗಿದಳು. ಒಬ್ಬೊಬ್ಬರಾಗಿ ಸಾಲೆಲ್ಲ ಬಗ್ಗಿತು. ಹೊತ್ತು ಮುಳುಗುವಷ್ಟರಲ್ಲಿ ಬದುವಿನ ಮೇಲೆ ಒಂದು ಕಟ್ಟೂ ಉಳಿಯಲಿಲ್ಲ.

ಜಂಬಮ್ಮನ ಗದ್ದೆಗೆ ಮಸ್ಕಿ ಕಡೆಯಿಂದ ಕೂಲಿಯಾಳು ಬಂದರು.

ಸುಗ್ಗಿ ಮುಗಿದು, ಸಿಂಧನೂರಿನ ಪೇಟೆಗೆ ಭತ್ತ ಹಾಕಿ ಬಂದ ರೂಪಾ ಟಿಕೆಟ್ಟಿನ ರೊಕ್ಕ ಹಿಡಿದು ಜಂಬಮ್ಮನ ಪಡಸಾಲೆಗೆ ಹೋದಳು. ಜಂಬಮ್ಮ ಅದನ್ನು ಕಣ್ಣೆತ್ತಿಯೂ ನೋಡಲಿಲ್ಲ.

"ನನಗ ಆಳೇ ಬೇಕು."

"ಆತ್ರಿ. ನನ್ನ ಗದ್ದಿಗೆ ನೀವು ಇಳಿಯೋ ದಿನ ಹೇಳಿ ಕಳಸ್ರಿ," ಎಂದ ರೂಪಾ, ರೊಕ್ಕವನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಮನೆಗೆ ಬಂದಳು.