ದವಡೆ ಊದಿದ ಚಂದ್ರ

ಹನಿ ಬೀಳುತ್ತಿತ್ತು ಟವೆಲಿನಿಂದ, ಕಿಟಕಿಯ ಸರಳಿಗೆ ಹಾಕಿ ಹಿಂಡುತ್ತಿದ್ದೆ, ಫೋನು ಕಿವಿಗೂ ಹೆಗಲಿಗೂ ನಡುವೆ, ಹೋಗ್ಬಿಟ್ರು ಅಮ್ಮಾ ಅಂದ ಮ್ಯೂಸಿಯಮ್ಮಿನ ಕಾವಲುಗಾರ, ಊಟದ ಡಬ್ಬಿ ತಗೊಂಡು ಹೋದನೇನಪ್ಪಾ, ಮರೆತು ಬರೋದೇ ಅವನ ಚಾಳಿ ಅಂದೆ ನಾನು — ಹನಿ ಬೀಳುತ್ತಲೇ ಇತ್ತು, ಆಮೇಲೆ ಅಲ್ಲಮ್ಮಾ, ಸಾರ್ ಹೋಗ್ಬಿಟ್ರು, ಕುರ್ಚಿಯಲ್ಲಿ ಕೂತ ಹಾಗೇ ಅಂದ, ಒಂದೇ ಮಾತು ಎರಡು ಸಲ, ಮೊದಲ ಸಲ ನನ್ನ ತಮ್ಮ ಮನೆಗೆ ಹೊರಟಿದ್ದ, ಎರಡನೇ ಸಲ ಹೊರಟೇ ಹೋಗಿದ್ದ. ಹದಿನೇಳು ದಿನವಾಯಿತು. ಈಗ ಅವನು ಕೆಲಸ ಮಾಡುತ್ತಿದ್ದ ಮ್ಯೂಸಿಯಮ್ಮಿನ ಇದೇ ಹಿಂಬದಿಯ ಕೋಣೆಯಲ್ಲಿ ಸ್ಟೂಲು ಹಾಕಿಕೊಂಡು ಕೂತಿದ್ದೇನೆ, ಕೈಯಲ್ಲಿ ಚಾಕು, ಎದುರಿಗೆ ಚಂದ್ರ, ಎರಡು ಮೊಳ ಅಡ್ಡಗಲದ ಪ್ಲಾಸ್ಟರಿನ ಚಂದ್ರ, ಅವನು ಲೆಕ್ಕ ಹಾಕಿ ಕೊಟ್ಟದ್ದು, ನಾನು ಮೆತ್ತಿದ್ದು, ನಾಳೆ ಅಂಧರ ಶಾಲೆಯವರು ಬಂದು ಮುಟ್ಟಿ ನೋಡಬೇಕಾದದ್ದು, ಅದರ ಹಿಂಬದಿಯಲ್ಲಿ, ಎಲ್ಲಕ್ಕಿಂತ ದೊಡ್ಡ ಗುಂಡಿ ಇರಬೇಕಾದ ಕಡೆ, ನಾನು ಎಬ್ಬಿಸಿಟ್ಟ ಗುಡ್ಡ — ಎಂಥ ತಪ್ಪು ದೇವರೇ, ನಲವತ್ತು ವರ್ಷ ಹಲ್ಲಿನ ಡಾಕ್ಟರ ಹತ್ತಿರ ಅಚ್ಚು ಎರೆದವಳ ತಪ್ಪು, ಬಾಯಿಯ ಅಚ್ಚಿನಲ್ಲಿ ಕಂಡ ಕುಳಿಯೆಲ್ಲ ಪ್ಲಾಸ್ಟರು ಸುರಿದರೆ ಹಲ್ಲಾಗಿ ಏಳುತ್ತದೆ, ಕುಳಿ ಕಂಡರೆ ನನ್ನ ಕೈ ತಾನಾಗಿಯೇ ಗುಡ್ಡ ಕಟ್ಟುತ್ತದೆ, ಫೋಟೋ ನೋಡಿದೆ, ಕಟ್ಟಿದೆ, ಅವನು ಬಂದು ನೋಡಿ ಹೊಟ್ಟೆ ಹಿಡಿದು ನಕ್ಕ, ಅಕ್ಕಾ, ಚಂದ್ರನಿಗೆ ದವಡೆ ಊದಿದೆಯಲ್ಲೇ, ಯಾವ ಹಲ್ಲು ಕೀಳ್ತೀಯ, ಹೋಗೋ ಕತ್ತೆ ಅಂದೆ, ಅರವತ್ತೆರಡು ವರ್ಷದ ಕತ್ತೆ, ಪೆನ್ಸಿಲು ಒತ್ತಿ ಗುಡ್ಡದ ಸುತ್ತ ಒಂದು ವೃತ್ತ ಎಳೆದು ನಡುವೆ ಬರೆದ, ಅಕ್ಕಾ ಇಲ್ಲಿ ಅಗಿ. ಅದೇ ಅವನ ಕೊನೆಯ ಬರಹ.

ಅಗೆದರೆ ಅದು ಹೋಗುತ್ತದೆ, ಅಗೆಯದಿದ್ದರೆ ಚಂದ್ರ ಸುಳ್ಳಾಗುತ್ತಾನೆ. ಮ್ಯೂಸಿಯಮ್ಮಿನ ಅಧಿಕಾರಿ ಒಳ್ಳೆಯ ಮನುಷ್ಯ, ಇರಲಿ ಬಿಡಿ ಅಮ್ಮಾ, ಹಿಂಬದಿ ಯಾರು ನೋಡ್ತಾರೆ ಅಂದ, ನೋಡುವವರಲ್ಲವಪ್ಪಾ ಬರುವವರು, ಅವರಿಗೆ ಮುಂಬದಿ ಹಿಂಬದಿ ಎರಡೂ ಒಂದೇ, ಬೆರಳು ಹೇಳಿದ್ದೇ ಸತ್ಯ. ಅಂಧರ ಶಾಲೆಯ ಮೇಷ್ಟ್ರು ಒಂದು ದಿನ ಮೊದಲೇ ಬಂದಿದ್ದಾರೆ, ಮಕ್ಕಳಿಗೆ ಹೇಳಿಕೊಡುವ ಮೊದಲು ತಾವು ತಿಳಿಯಬೇಕಂತೆ, ಅವರಿಗೂ ಕಣ್ಣಿಲ್ಲ, ಕುರ್ಚಿ ತಡವಿ ಕೂತರು, ಯಾರು ಕೂತು ಹೋದ ಕುರ್ಚಿ ಅಂತ ನಾನು ಹೇಳಲಿಲ್ಲ, ಅವರ ಬೆರಳು ಇರುವೆಯ ಹಾಗೆ ಚಂದ್ರನ ಮೇಲೆ ಹರಿದು ಗುಡ್ಡದ ಮೇಲೆ ನಿಂತಿತು, ಇಲ್ಲಿ ಏನೋ ಗೀಚಿದೆಯಲ್ಲಮ್ಮಾ, ತಮ್ಮನ ಅಕ್ಷರ ಮೇಷ್ಟ್ರೇ, ಅಗಿ ಅಂತ ಬರೆದಿದ್ದಾನೆ ಅಂದೆ, ಮಲಗಿದವರನ್ನು ಮುಟ್ಟಿದ ಹಾಗೆ ಕೈ ಹಿಂದಕ್ಕೆ ತೆಗೆದರು, ಹಾಗಾದರೆ ಬಿಡಿ, ಇಲ್ಲಿ ಗುಂಡಿ ಇದೆ ಅಂದುಕೊಳ್ಳಿ ಅಂತ ಮಕ್ಕಳಿಗೆ ನಾನೇ ಬಾಯಲ್ಲಿ ಹೇಳ್ತೀನಿ ಅಂದರು. ಅಂದುಕೊಳ್ಳಿ. ಜೀವನವಿಡೀ ಅಂದುಕೊಂಡೇ ಬಂದವರಿಗೆ ಇನ್ನೊಂದು ಅಂದುಕೊಳ್ಳಿಯೇ — ಅವನಿದ್ದಿದ್ದರೆ ಏನನ್ನುತ್ತಿದ್ದ, ಹೇಳಿದ್ದನಲ್ಲ, ಈ ಗುಂಡಿ ಮಾಡಿದ ಬಂಡೆ ಬಿದ್ದಾಗ ಚಂದ್ರನಿಗೆ ಎಳೆ ವಯಸ್ಸು ಅಕ್ಕಾ, ಒಂದೇ ಏಟಿಗೆ ನೂರಾರು ಮೈಲಿ ನೆಲ ಕರಗಿ ಹೋಯ್ತು, ಸುತ್ತ ನೆಲ ಎದ್ದು ಬೆಟ್ಟದ ಬಳೆಗಳಾಗಿ ನಿಂತಿತು, ಇಂಥ ಏಟು ಒಂದಲ್ಲ ಎರಡಲ್ಲ, ಮುಂಬದಿಯ ಗುಂಡಿಗಳಲ್ಲಿ ಎಷ್ಟೋ ಕೋಟಿ ವರ್ಷದ ಮೇಲೆ ಒಳಗಿನ ಕರಗಿದ ಕಲ್ಲು ಉಕ್ಕಿ ತುಂಬಿ ಕಪ್ಪಾಯ್ತು, ನೀನು ಮೊಲ ಮೊಲ ಅಂತ ನನಗೆ ತೋರಿಸ್ತಿದ್ದೆಯಲ್ಲ, ಅದೇ ಅದು. ಆ ಬಂಡೆ ಎಸೆದದ್ದು ಯಾರೋ ಅಂತ ಕೇಳಿದೆ, ನಿನ್ನ ದೇವರೇ ಅಂದುಕೋ, ಅವನಿಗೂ ಗುರಿ ಅಷ್ಟಕ್ಕಷ್ಟೇ ಅಂದ, ಬಿಡ್ತು ಅನ್ನು ಅಂದೆ, ಬಿಡ್ತು ಅಂದ, ನಕ್ಕ, ಮತ್ತೆ ನಗದೆ ಹೇಳಿದ, ಏಟು ಬಿದ್ದ ಕಡೆ ಹಳೆಯ ನೆಲ ಉಳಿಯೋದಿಲ್ಲ ಅಕ್ಕಾ, ಆದರೆ ಚಂದ್ರನ ಹೊಟ್ಟೆಯ ಆಳದ ಕಲ್ಲು ಕೈಗೆ ಸಿಗೋದಿದ್ದರೆ ಅಲ್ಲಿಯೇ, ಬೇರೆ ಎಲ್ಲೂ ಅಲ್ಲ. ಬೇರೆ ಎಲ್ಲೂ ಅಲ್ಲ.

ಚಾಕು ಇಟ್ಟೆ, ಒತ್ತಲಿಲ್ಲ, ಒತ್ತಿದೆ. ಮೊದಲು ವೃತ್ತ ಹೋಯಿತು, ಆಮೇಲೆ ಅಗಿ, ಆಮೇಲೆ ಇಲ್ಲಿ, ಅಕ್ಕಾ ಮಾತ್ರ ಉಳಿಯಿತು, ಅದರ ಮೇಲೆ ಚಾಕು ಹೋಗದು, ಮೇಷ್ಟ್ರು ಕೇಳಿಸಿಕೊಳ್ಳುತ್ತಿದ್ದಾರೆ, ಕೆರೆಯುವ ಸದ್ದು ನಿಂತದ್ದು ಅವರಿಗೆ ಗೊತ್ತು — ಅಕ್ಕಾ ಅನ್ನುವುದು ಪ್ಲಾಸ್ಟರಿನ ಮೇಲಿನ ಮಾತಲ್ಲ, ನನ್ನೊಳಗಿನದು, ಮೊದಲ ಹಲ್ಲು ಬರುವ ಮೊದಲೇ ಅವನು ಅಂದದ್ದು, ಕೆರೆದೆ, ಮಡಿಲಿಗೆ ಪುಡಿ ಬಿತ್ತು, ಬಿಳಿಯ ಪುಡಿ, ಎಲ್ಲೋ ಒಂದಿಷ್ಟು ಸೀಸದ ಬೂದು. ಗುಡ್ಡ ಹೋಗಿ ಸಮವಾಯಿತು, ಸಮ ಹೋಗಿ ತಗ್ಗಾಯಿತು, ಅಂಗೈಯಗಲ, ಇನ್ನೂ ಅಗಲ, ಹಳೆಯ ಪ್ಲಾಸ್ಟರಿಗೆ ನೀರು ಕುಡಿಸಿದೆ, ಇಲ್ಲದಿದ್ದರೆ ಹೊಸದು ಹಿಡಿಯದು, ಬಟ್ಟಲಿನಲ್ಲಿ ಹೊಸದು ಕಲಸಿದೆ, ಗಟ್ಟಿಯಾಗುವುದರೊಳಗೆ ಬೆಟ್ಟದ ಬಳೆ, ಒಂದರೊಳಗೊಂದು, ಬೆರಳು ಮರೆತಿಲ್ಲ, ಈ ಸಲ ತಿರುವುಮುರುವು ಇಲ್ಲ, ತಗ್ಗು ತಗ್ಗೇ, ದಿಬ್ಬ ದಿಬ್ಬವೇ. ಈಗ ಮುಟ್ಟಿ ಮೇಷ್ಟ್ರೇ, ಮೆಲ್ಲಗೆ, ಇನ್ನೂ ಹಸಿ. ಮುಟ್ಟಿದರು, ಬಳೆ ದಾಟಿ ಇಳಿದರು, ಇಳಿದರು, ಅಬ್ಬಾ ಎಷ್ಟು ದೊಡ್ಡದಮ್ಮಾ ಅಂದರು, ಮುಖ ಅರಳಿತು, ನಾಳೆ ನನ್ನ ಹುಡುಗಿಯರು ಇಲ್ಲಿಂದ ಕೈ ತೆಗೆಯೋದಿಲ್ಲ ನೋಡಿ ಅಂದರು, ನೋಡಿ ಅಂದದ್ದಕ್ಕೆ ತಾವೇ ನಕ್ಕರು, ನಾನೂ ನಕ್ಕೆ, ಹದಿನೇಳು ದಿನದ ಮೇಲೆ, ಆಮೇಲೆ ಅವರು ಕೇಳಿದರು, ಇದು ಯಾಕಮ್ಮಾ ಬೆಚ್ಚಗಿದೆ. ಗಟ್ಟಿಯಾಗುವಾಗ ಪ್ಲಾಸ್ಟರು ಹಾಗೇ ಬಿಸಿಯಾಗುತ್ತದೆ ಮೇಷ್ಟ್ರೇ ಅಂದೆ, ನಲವತ್ತು ವರ್ಷ ಗೊತ್ತಿದ್ದ ಸಂಗತಿ, ಅಂಗೈ ಇಟ್ಟೆ, ಬೆಚ್ಚಗಿದೆ, ಜ್ವರ ಬಿಡುತ್ತಿರುವ ಹಣೆಯ ಹಾಗೆ, ಇಳಿಯುವ ಮೊದಲಿನ ಬಿಸಿ, ಅವನು ಇದನ್ನು ಮುಟ್ಟಲಿಲ್ಲ, ನಾಳೆ ಮೂವತ್ತು ಕೈ ಮುಟ್ಟುತ್ತವೆ — ದೇವರೇ, ನನ್ನ ತಮ್ಮನ ಬಾಯಿಮಾತನ್ನು ಮನಸ್ಸಿಗೆ ಹಾಕಿಕೊಳ್ಳಬೇಡ, ಅವನ ನಗುವನ್ನು ಮಾತ್ರ ಇಟ್ಟುಕೋ, ಅವನ ಜೀವವನ್ನು ನಿನ್ನ ಹತ್ತಿರ ತಣ್ಣಗಿಡು, ಬೆಚ್ಚಗಿದೆ ಗುಂಡಿ, ತಣ್ಣಗಿಡು ಅವನನ್ನು, ಅಂಗೈಯ ಕೆಳಗೆ ಇನ್ನೂ ಬೆಚ್ಚಗೆ, ತಣ್ಣಗಿಡು ತಂದೆ, ತಣ್ಣಗೆ —