ಕ್ಷಿಪಣಿಯ ಹೊಟ್ಟೆಯಲ್ಲಿ ವಜೀರ್

"ಏ ಸಾಬ, ಒಳಗೆ ಮಲ್ಕೊಂಡಿದೀಯೇನೋ ಬೋಳಿಮಗನೆ?"

ಉದಯಶಂಕರ್ ಬೂಟಿನಿಂದ ತಗಡಿಗೆ ಒದ್ದ. ಎಂಟು ಮೀಟರ್ ಉದ್ದದ ಕೊಳವೆ ಗುಂಯ್‌ಗುಟ್ಟಿತು. ಒಳಗಿನಿಂದ ವಜೀರ್ ಕೆಮ್ಮಿದ.

"ಫ್ಯಾನ್ ಕೆಟ್ಟೈತ್ರಿ ಸಾಹೇಬ್ರ. ಹೊಗಿ ಹೊರಗ ಹೋಗವಲ್ದು. ಕಣ್ಣ ಕಾಣವಲ್ವು."

"ಬೇಗ ಬೇಗ ಕೈ ಆಡ್ಸು. ಶುಕ್ರವಾರ ಡೆಲಿವರಿ."

ಪಾಪಟೊಯ್‌ಟೊಯ್ ಎಂಬ ಪರದೇಶದ ಬಡಾವಣೆಯಲ್ಲಿ, ರೈಲು ಹಳಿಯ ಪಕ್ಕದ ಆ ಶೆಡ್ಡಿನಲ್ಲಿ ನಾವಿಬ್ಬರೇ ಕೆಲಸಗಾರರು. ಗದಗದ ವಜೀರ್ ವೆಲ್ಡರ್. ಮಂಡ್ಯದ ನಾನು, ಮಂಜುನಾಥ್, ಫಿಟ್ಟರ್. ನಮ್ಮ ವೀಸಾ ಉದಯಶಂಕರನ ಕಂಪನಿಗೇ ಕಟ್ಟಿದ್ದು. ಅವನನ್ನು ಬಿಟ್ಟರೆ ಈ ದೇಶದಲ್ಲಿ ಇನ್ನೆಲ್ಲೂ ಸುತ್ತಿಗೆ ಹಿಡಿಯುವಂತಿರಲಿಲ್ಲ.

ಅದೇ ನಗರದ ಇನ್ನೊಂದು ತುದಿಯಲ್ಲಿ, ಆಲ್ಬನಿಯ ಆಚೆ, ಒಬ್ಬ ಶ್ರೀಮಂತ ತನ್ನ ಜಮೀನಿನಲ್ಲಿ ಯುದ್ಧದ ಮ್ಯೂಸಿಯಂ ಕಟ್ಟಿಸುತ್ತಿದ್ದ. ಅದಕ್ಕಾಗಿ ನಾವು ಜರ್ಮನಿಯ 'ವಾಸರ್‌ಫಾಲ್' ಕ್ಷಿಪಣಿಯ ಪ್ರತಿಕೃತಿ ಮಾಡುತ್ತಿದ್ದೆವು. ಎರಡನೇ ಮಹಾಯುದ್ಧದಲ್ಲಿ ಬಾಂಬರ್ ವಿಮಾನಗಳನ್ನು ನೆಲದಿಂದಲೇ ಹೊಡೆದುರುಳಿಸಲೆಂದು ಬಾಲ್ಟಿಕ್ ಕಡಲ ತೀರದಲ್ಲಿ ರೂಪಿಸಿದ್ದು. ಹಾರಿಸಿ ನೋಡಿದ್ದರು, ಯುದ್ಧದಲ್ಲಿ ಬಳಕೆಗೆ ಬರಲಿಲ್ಲ.

ಪಕ್ಕದಲ್ಲಿ ನಿಲ್ಲಿಸುವ ಫಲಕವೂ ಬಂದಿತ್ತು. ಊಟದ ಹೊತ್ತಿನಲ್ಲಿ ವಜೀರನಿಗೆ ಓದಿ ಹೇಳಿದೆ. ಇಂಜಿನಿಯರುಗಳ ಜಾಣ್ಮೆ, ರೆಕ್ಕೆಗಳ ವಿನ್ಯಾಸ, ರೇಡಿಯೊ ನಿಯಂತ್ರಣ.

"ತಗಡ ಬಡದವ್ರು ಯಾರಂತ?" ಎಂದ.

"ಅದಿಲ್ಲ ಕಣಪ್ಪ. ಫೋನಲ್ಲಿ ನೋಡ್ದೆ. ಆ ಜಾಗ್ದಲ್ಲಿ ಕೈದಿಗಳ್ನ ಇಟ್ಕೊಂಡು ದುಡಿಸ್ತಿದ್ರಂತೆ."

ವಜೀರ್ ಮುರಿದ ರೊಟ್ಟಿಯನ್ನು ಮತ್ತೆ ಡಬ್ಬಿಗೆ ಹಾಕಿದ.

"ಅವ್ರಿಗೂ ಯಾಂವರೆ ಒದ್ದಿರ್ತಾನ ಬಿಡು" ಎಂದು ಎದ್ದುಹೋದ.

ಮರುದಿನ ಬೆಳಿಗ್ಗೆ ಹನ್ನೊಂದಕ್ಕೆ ಗೇಟಿನಲ್ಲಿ ಬಿಳಿ ಕಾರು ನಿಂತಿತು. ಕೆಲಸದ ಜಾಗದ ಸುರಕ್ಷತೆ ನೋಡುವ ಅಧಿಕಾರಿ, ಮುಂಚೆ ತಿಳಿಸದೆ ಬಂದಿದ್ದಳು. ವಜೀರ್ ಕೊಳವೆಯ ಒಳಗಿದ್ದ. ಬಾಲದ ಕಡೆ ಆಗಲೇ ಮುಚ್ಚಿತ್ತು. ಹೊರಬರುವ ದಾರಿ ಚೂಪು ಮೂತಿ ಕೂರಿಸುವ ಕಡೆಯದೊಂದೇ.

"ಮಂಜ, ಮೂತಿ ಕೂರ್ಸಿ ಬೋಲ್ಟ್ ಬಿಗಿ" ಎಂದ ಉದಯಶಂಕರ್.

"ಸಾರ್, ವಜೀರ್ ಒಳಗವ್ನೆ."

"ಗೊತ್ತು, ಮುಚ್ಕೊಂಡು ಬಿಗಿ. ಈ ಹೊಗೇಲಿ ಅವನು ತೆವಳ್ಕೊಂಡ್ ಬರೋದು ಕಂಡ್ರೆ ಶೆಡ್ ಬಾಗಿಲು ಹಾಕಿಸ್ತಾಳೆ. ನೀವಿಬ್ರೂ ಊರು ಸೇರ್ತೀರ."

ಮೂತಿಯನ್ನು ಎತ್ತಿ ತಂದೆ. ಆ ತುದಿಯ ಕತ್ತಲಲ್ಲಿ ವಜೀರನ ಮುಖ ಕಂಡಿತು.

"ಮಂಜಣ್ಣ, ಏನ್ ಮಾಡಾಕತ್ತಿ?"

ಮೂತಿ ಕೂರಿಸಿದೆ. ನಾಲ್ಕು ಬೋಲ್ಟು. ನನ್ನ ಕೈಯಾರೆ ಬಿಗಿದೆ.

ಅಧಿಕಾರಿ ಶೆಡ್ಡು ಸುತ್ತಿ ಕೊಳವೆಯ ಬಳಿ ಬಂದಳು. ಉದಯಶಂಕರ್ ಇಂಗ್ಲಿಷಿನಲ್ಲಿ ಜರ್ಮನ್ ತಂತ್ರಜ್ಞಾನವನ್ನು ಹೊಗಳತೊಡಗಿದ. ಒಳಗಿನಿಂದ ಧಡ್ ಎಂದು ಸದ್ದಾಯಿತು. ಬಿಸಿ ಲೋಹ ತಣ್ಣಗಾಗುತ್ತಿದೆ ಎಂದು ನಕ್ಕ. ಮತ್ತೆ ಎರಡು ಸಲ ಬಡಿತ. ಆಮೇಲೆ ಕೆಮ್ಮು, ಉದಯಶಂಕರ್ ತಾನೂ ಜೋರಾಗಿ ಕೆಮ್ಮಿ ಅದನ್ನು ಮುಚ್ಚಿದ. ಆಮೇಲೆ ಬಡಿತ ಮೆತ್ತಗಾಯಿತು.

ನಾನು ಸ್ಪ್ಯಾನರ್ ತೆಗೆದುಕೊಂಡೆ.

"ಮಂಜುನಾಥ್, ಟೀ ಮಾಡ್ಕೊಂಡ್ ಬಾ ಹೋಗು" ಎಂದ ಉದಯಶಂಕರ್, ಬಲು ಮೃದುವಾಗಿ.

ಮೂರು ಬೋಲ್ಟು ಬಂದವು. ನಾಲ್ಕನೆಯದನ್ನು ಗಾಬರಿಯಲ್ಲಿ ಓರೆಯಾಗಿ ಬಿಗಿದಿದ್ದೆ. ಅಲುಗಲಿಲ್ಲ. ಸ್ಪ್ಯಾನರಿನ ಮೇಲೆ ಕಾಲಿಟ್ಟು ಮೈಭಾರವೆಲ್ಲ ಬಿಟ್ಟೆ. ಅದು ತುಂಡಾಗಿ ಹಾರಿತು. ಮೂತಿ ಕಳಚುತ್ತಲೇ ಹೊಗೆ ನುಗ್ಗಿತು. ಅಧಿಕಾರಿ ಒಂದು ತೋಳು ಹಿಡಿದಳು, ನಾನು ಇನ್ನೊಂದು. ಎಳೆದು ಹಾಕಿದೆವು. ವಜೀರ್ ಕಾಂಕ್ರೀಟಿನ ಮೇಲೆ ವಾಂತಿ ಮಾಡಿದ. ಉಸಿರಾಡುತ್ತಿದ್ದ. ಆದರೆ ನನ್ನ ಕಡೆ ನೋಡಲಿಲ್ಲ.

ಅವಳು ಆಂಬುಲೆನ್ಸಿಗೆ ಫೋನ್ ಮಾಡುತ್ತಿದ್ದಳು. ಉದಯಶಂಕರ್ ನನ್ನ ಹೆಗಲ ಮೇಲೆ ಕೈಯಿಟ್ಟು ನಗುಮುಖದಲ್ಲೇ ಹೇಳಿದ: "ಅವನು ಒಳಗಡೆ ಇರೋದು ನಮ್ಗೆ ಯಾರ್ಗೂ ಗೊತ್ತಿರ್ಲಿಲ್ಲ ಅನ್ನು. ಇಲ್ಲಾಂದ್ರೆ ನಾಳೆನೇ ಪ್ಲೇನ್ ಹತ್ತಿಸ್ತೀನಿ, ಸೂಳೆಮಗನೆ."

ಫೋನ್ ಇಳಿಸಿ, ಅವನು ಏನೆಂದ ಎಂದು ಅವಳು ಕೇಳಿದಳು.

ಒಂದೊಂದು ಮಾತನ್ನೂ ಇಂಗ್ಲಿಷಿನಲ್ಲಿ ಹೇಳಿದೆ. ಕೊನೆಯ ಬೈಗುಳಕ್ಕೆ ನನಗೆ ಇಂಗ್ಲಿಷ್ ಹೊಳೆಯಲಿಲ್ಲ. ಅದನ್ನು ಕನ್ನಡದಲ್ಲೇ, ಬಿಡಿಸಿ ಬಿಡಿಸಿ ಹೇಳಿ, ಬರೆದುಕೊಳ್ಳಿ ಎಂದೆ.