ಬೇವಿನ ಬಾಗಿಲು

ಎಂಬತ್ತೆಂಟನೇ ಇಸವಿ, ಮಾವಿನ ಸುಗ್ಗಿ. ಬಿಸಿಲಿನ್ನೂ ನೆತ್ತಿಗೇರಿರಲಿಲ್ಲ.

"ಲೇ ಬೋಳಿಮಗನೆ, ಉಣ್ಣೋದು ಈ ರಾಜ್ಯದ ರಾಗಿ, ತೆರಿಗೆ ಕಟ್ಟೋದು ಆ ರಾಜ್ಯಕ್ಕಾ?"

ಗಡಿಯ ಚೆಕ್‌ಪೋಸ್ಟಿನ ಸಾಹೇಬ ಆವಲಪ್ಪನ ಲೈಸೆನ್ಸನ್ನು ಮೇಜಿನ ಖಾನೆಗೆ ಎಸೆದ. ಆವಲಪ್ಪ ಚಪ್ಪಲಿ ಹೊರಗೆ ಬಿಟ್ಟು, ಟವಲ್ಲನ್ನು ಕಂಕುಳಲ್ಲಿ ಇರುಕಿಕೊಂಡು ನಿಂತಿದ್ದ. ಅವನ ವಾಸ ಬೈರಕೂರಿನ ಮಗ್ಗುಲ ಕಾಲೋನಿ, ಓಡಿಸುವುದು ಆಂಧ್ರದ ಕಂಪನಿಯ ಲಾರಿ.

"ಕಂಪ್ನಿಯೋರು ತಿಂಗ್ಳು ತಿಂಗ್ಳೂ ಸಂಬಳದಾಗೆ ಹಿಡ್ಕೊಂತಾರೆ ಸ್ವಾಮಿ. ಒಂದೇ ದುಡಿಮೆಗೆ ಎರಡು ಕಡೆ ಕಟ್ಟೋಕಾಯ್ತದಾ?"

"ಅದು ಅವರ ವೃತ್ತಿ ತೆರಿಗೆ ಕಣೋ. ನೀನು ಮಲಗೋದು ಇಲ್ಲಿ. ಇಲ್ಲೀದೂ ಕಟ್ಟು. ಮೂರು ವರ್ಷದ ಬಾಕಿ, ದಂಡ ಬೇರೆ."

ಹೊರಗೆ ಲಾರಿಯಲ್ಲಿ ಶ್ರೀನಿವಾಸಪುರದ ಮಾವು ಬೇಯುತ್ತಿತ್ತು. ರಸ ತೆಗೆಯುವ ಫ್ಯಾಕ್ಟರಿಗೆ ಸಂಜೆಯೊಳಗೆ ಮುಟ್ಟದಿದ್ದರೆ ಆವಲಪ್ಪನ ಕೆಲಸ ಹೋದಂತೆಯೇ. ಮಧ್ಯಾಹ್ನದ ಹೊತ್ತಿಗೆ ಹಲಗೆ ಸಂದಿಯಿಂದ ರಸ ತೊಟ್ಟಿಕ್ಕಿ, ಟೈರಿಗೆ ನೊಣ ಮುತ್ತಿದವು.

ಗುಮಾಸ್ತ ಬೀಡಿ ಹಚ್ಚುತ್ತ ಬಂದ. "ಒಂದು ದಾರಿ ಐತೆ. 'ನಾನು ಆಂಧ್ರದೋನು, ಈ ರಾಜ್ಯದಲ್ಲಿ ನನಗೆ ಮನೆ ಇಲ್ಲ' ಅಂತ ನಿನ್ನ ಹೆಸರಲ್ಲಿ ಬರೀತೀನಿ. ಹೆಬ್ಬೆಟ್ಟೊತ್ತು, ಹೋಗ್ತಾ ಇರು."

ಆವಲಪ್ಪನಿಗೆ ಜನತಾ ಮನೆ ಕಣ್ಣಿಗೆ ಕಟ್ಟಿತು. ಸರ್ಕಾರ ಕೊಟ್ಟದ್ದು ನಾಲ್ಕು ಗೋಡೆ, ಮೇಲೊಂದಿಷ್ಟು ಹೆಂಚು. ಬಾಗಿಲು ಕೊಟ್ಟಿರಲಿಲ್ಲ. ಹೆಂಡತಿ ಗಂಗರತ್ನಮ್ಮ ಕಿವಿಯ ಓಲೆ ಮಾರಿ ಬೇವಿನ ಬಾಗಿಲು ಮಾಡಿಸಿದ್ದಳು. ಚೆಕ್‌ಪೋಸ್ಟಿನ ಕಾಗದ ಚೆಕ್‌ಪೋಸ್ಟಿನಲ್ಲೇ ಬಿದ್ದಿರುತ್ತದೆ ಅಂದುಕೊಂಡ. ಒತ್ತಿದ. ಲೈಸೆನ್ಸು ಕೈಗೆ ಬಂತು, ಗೇಟು ಎದ್ದಿತು.

ಕಾಗದ ಅಲ್ಲಿ ಬಿದ್ದಿರಲಿಲ್ಲ. ತನಿಖೆಗೆಂದು ಮಂಡಲ ಪಂಚಾಯ್ತಿಗೆ ಬಂತು. ಪ್ರಧಾನ ರಾಮಚಂದ್ರಪ್ಪ ಓದಿಸಿ ಕೇಳಿದವನೇ ಕಾಲೋನಿಯ ಅಂಚಿಗೆ ಬಂದು ನಿಂತ. ಅವನ ಹಿಪ್ಪುನೇರಳೆ ತೋಟ ಆ ಮನೆಯ ಬೆನ್ನಿಗೇ ಇತ್ತು.

"ಏನ್ಲಾ ಆವಲಾ, ಮನೆ ಇಲ್ಲ ಅಂತ ನೀನೇ ಬರ್ಕೊಟ್ಟಿದೀಯಂತೆ! ಇಲ್ದಿರೋ ಮನೇಗೆ ಹಕ್ಕುಪತ್ರ ಯಾಕ್ಲಾ?"

"ಹಣ್ಣು ಕೊಳೀತಿತ್ತು ಸ್ವಾಮಿ, ಅದ್ಕೇ..."

"ಜಾಗ ಇಲ್ದೆ ನನ್ನ ರೇಷ್ಮೆ ಹುಳಾನೂ ಕೊಳೀತವೆ. ಮಂಗಳವಾರಕ್ಕೆ ಖಾಲಿ ಮಾಡು. ಹೋಗೋ ಮುಂದೆ ನಿನ್ನ ಹೆಂಡ್ತಿ ಸಗಣೀಲಿ ಸಾರ್ಸಿ, ಸುಣ್ಣ ಬಳೀಲಿ. ಆಮೇಲೆ ನಿಮ್ಮೋರು ಯಾರೂ ಈ ಕಡೆ ಸುಳೀಬಾರ್ದು. ನಿಮ್ಮ ಗಾಳಿ ಸೋಕಿದ್ರೆ ಹುಳ ಗೂಡು ಕಟ್ಟಲ್ಲ."

"ಸಾರ್ಸೋ ಕೈ ಸೋಕಿದ್ರೆ ಕಟ್ತವಾ?" ಅಂದಳು ಗಂಗರತ್ನಮ್ಮ.

"ಮುಚ್ಚೇ ಬಾಯಿ, ಲೌಡಿ!"

ಆವಲಪ್ಪ ತಾಲ್ಲೂಕಾಫೀಸಿಗೆ ಮೂರು ಸಲ ಅಲೆದ. ಮೂರು ಸಲವೂ ಅದೇ ಕಾಗದ ತೋರಿಸಿ, "ಹೆಬ್ಬೆಟ್ಟು ನಿಂದೇ ತಾನೇ?" ಅಂದರು. ಅವನದೇ. ಇರಲು ಶೆಡ್ಡು ಕೊಡಿ ಎಂದು ಕಂಪನಿಯಲ್ಲಿ ಕೇಳಿದರೆ, ಲೈಸೆನ್ಸಿನಲ್ಲಿರುವುದು ಕರ್ನಾಟಕದ ವಿಳಾಸ, ಶೆಡ್ಡು ನಮ್ಮ ರಾಜ್ಯದವರಿಗೆ ಮಾತ್ರ ಅಂದರು. ತೆರಿಗೆಯನ್ನು ಆ ತಿಂಗಳೂ ಹಿಡಿದುಕೊಂಡರು.

ಮಂಗಳವಾರ ಬೆಳಿಗ್ಗೆ ಗಂಗರತ್ನಮ್ಮ ಸಗಣಿ ಮುಟ್ಟಲಿಲ್ಲ. ಲಾರಿಯ ಜಾಕಿ ರಾಡನ್ನು ಗಂಡನ ಕೈಗಿಟ್ಟು, ಮನೆಮಾತು ತೆಲುಗಿನಲ್ಲಿ ಅಂದಳು: "ಇದಿ ಮನ ತಲುಪು. ಪೀಕು." ಇದು ನಮ್ಮ ಬಾಗಿಲು, ಕೀಳು ಅಂತ.

ಆವಲಪ್ಪ ಬಾಗಿಲನ್ನು ಮೀಟಿ ಕಿತ್ತ. ರೇಷ್ಮೆಯ ಹುಳುಮನೆಯಾಗಲಿದ್ದ ಆ ಮನೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಲು ಬಂದ ಪ್ರಧಾನನ ಆಳು, ಸೊಪ್ಪು ಹಿಡಿದುಕೊಂಡೇ ನಿಂತ.

ಗಂಡ ಬಾಗಿಲು ಹೊತ್ತ, ಹೆಂಡತಿ ಪಾತ್ರೆ ಗಂಟು ಹೊತ್ತಳು. ಗಡಿಯಲ್ಲಿ ಅದೇ ಸಾಹೇಬ.

"ಏನೋ ಅದು, ಮರ ಸಾಗಿಸ್ತಿದೀಯಾ? ಪರ್ಮಿಟ್ ಎಲ್ಲಿ? ಯಾವೂರೋ ನಿಂದು?"

ಆವಲಪ್ಪ ಬಾಗಿಲನ್ನು ಇಳಿಸಿ ರಸ್ತೆಗೆ ಅಡ್ಡಲಾಗಿ ನಿಲ್ಲಿಸಿದ. ಗಂಗರತ್ನಮ್ಮ ಅದಕ್ಕೆ ಬೆನ್ನು ಕೊಟ್ಟು ಕೂತಳು. ಎರಡೂ ಕಡೆ ಲಾರಿಗಳು ಸಾಲುಗಟ್ಟಿದವು. ಡ್ರೈವರುಗಳು ಮೊದಲು ಬೈದರು, ಆಮೇಲೆ ಇಂಜಿನ್ ನಿಲ್ಲಿಸಿದರು. ಪೊಲೀಸರು ಬಂದು ಇಬ್ಬರನ್ನೂ ಎಳೆದು ಗಡಿಯಾಚೆ ದಬ್ಬುವ ತನಕ ಗೇಟು ಏಳಲಿಲ್ಲ.

ಬಾಗಿಲು ಜಪ್ತಿಯಾಯಿತು. ಎರಡು ಡ್ರಮ್ಮಿನ ಮೇಲೆ ಅದನ್ನು ಮಲಗಿಸಿಕೊಂಡು ಗುಮಾಸ್ತ ಕಾಗದ ಬರೆಯತೊಡಗಿದ.

ಆಷಾಢದಲ್ಲಿ ಯಾರೂ ಮನೆ ಬದಲಿಸುವುದಿಲ್ಲ. ಮಂಗಳವಾರ ಮನೆಮಗಳನ್ನು ಕಳಿಸುವುದಿಲ್ಲ. ಆವಲಪ್ಪ, ಗಂಗರತ್ನಮ್ಮ ಹೋದದ್ದು ಆಷಾಢದ ಮೊದಲ ಮಂಗಳವಾರ.